ಚಿಟ್ಟಿಲಿ, ಹೆಗ್ಗಣ, ಸುಂಡಿಲಿ, ಬಿಳಿ ಇಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ ಎಲ್ಲಿ ನೋಡಿದರೂ ಭತ್ತ. ಭತ್ತ ಇದ್ದಲ್ಲಿ ಇಲಿ ಇರಲೇಬೇಕು. ಇದರ ಜೊತೆಗೆ ಈಗ ರಾಯಚೂರು, ಬಳ್ಳಾರಿ ಪೇಟೆಯ ಮನೆಗಳಲ್ಲಿ ಮಕ್ಕಳು ಬಿಳಿ ಇಲಿ ಸಾಕುವುದೂ ಶುರುವಾಗಿದೆ. ಅದಕ್ಕೇ ಒಂದೇ ಪ್ರಾಣಿಯ ಬಗ್ಗೆ ಎರಡು ಥರದ ಪ್ರಶ್ನೆ ಬರುತ್ತವೆ. ಹೇಗೆ ಓಡಿಸೋದು ಅಂತ ಕೆಲವರು, ಹೇಗೆ ಸಾಕೋದು ಅಂತ ಕೆಲವರು. ಒಮ್ಮೊಮ್ಮೆ ಎರಡೂ ಒಂದೇ ಮನೆಯಿಂದ ಬರುತ್ತವೆ.

ನಮ್ಮ ಮನೆಯಲ್ಲಿ ಓಡಾಡುತ್ತಿರುವುದು ಯಾವ ಇಲಿ ಅಂತ ಗುರುತಿಸುವುದು ಹೇಗೆ?

ಇದನ್ನು ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ. ಯಾವ ಪ್ರಾಣಿ ಅಂತ ತಿಳಿಯದೆ ಮಾಡುವ ಖರ್ಚು ಮುಕ್ಕಾಲು ಪಾಲು ದಂಡ. ಹೆಗ್ಗಣಕ್ಕೆ ಚಿಟ್ಟಿಲಿಯ ಬೋನು ಇಡುತ್ತಾರೆ. ಸುಂಡಿಲಿಗೆ ಜೋಳ ಹಾಕಿ ರಾತ್ರಿಯಿಡೀ ಕಾಯುತ್ತಾರೆ.

ಚಿಟ್ಟಿಲಿ ತೀರಾ ಸಣ್ಣದು. ಮೂತಿಯಿಂದ ಬಾಲದ ಬುಡದವರೆಗೆ 7ರಿಂದ 10 ಸೆಂ.ಮೀ. ಬಾಲವೂ ಹೆಚ್ಚುಕಡಿಮೆ ಅಷ್ಟೇ ಉದ್ದ. ತೂಕ 12ರಿಂದ 30 ಗ್ರಾಂ. ಕಿವಿ ಮಾತ್ರ ತಲೆಗೆ ಹೋಲಿಸಿದರೆ ದೊಡ್ಡದು. ಹಿಕ್ಕೆ 3ರಿಂದ 6 ಮಿ.ಮೀ., ತುದಿ ಚೂಪು. ಡಬ್ಬಿಗಳ ಹಿಂದೆ, ಗ್ಯಾಸ್ ಕಟ್ಟೆಯ ಮೂಲೆಯಲ್ಲಿ ಕಪ್ಪು ಕಾಳಿನ ಹಾಗೆ ಚೆಲ್ಲಿರುತ್ತದೆ.

ಮನೆ ಇಲಿ ಅಥವಾ ಕಪ್ಪಿಲಿ ಇದಕ್ಕಿಂತ ಬಹಳ ದೊಡ್ಡದು. ಬಾಲ ಮೈಗಿಂತ ಉದ್ದ. ಹತ್ತುವುದರಲ್ಲಿ ಇದನ್ನು ಮೀರಿಸುವವರಿಲ್ಲ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ರಾತ್ರಿ ಜಂತಿಯ ಮೇಲೆ ದಡದಡ ಅಂತ ಓಡುವುದು ಸಾಮಾನ್ಯವಾಗಿ ಇದೇ. ಹಿಕ್ಕೆ ಚಿಟ್ಟಿಲಿಯದ್ದಕ್ಕಿಂತ ಎರಡು ಪಟ್ಟಾದರೂ ಉದ್ದ ಇರುತ್ತದೆ. ಇದರ ಮರಿಯನ್ನು ಚಿಟ್ಟಿಲಿ ಅಂದುಕೊಳ್ಳುವವರು ಜಾಸ್ತಿ. ಪಾದ, ತಲೆ ಎರಡೂ ಮೈಗೆ ಹೋಲಿಸಿದರೆ ದಪ್ಪ ಅನ್ನಿಸಿದರೆ ಅದು ದೊಡ್ಡ ಇಲಿಯ ಮರಿ.

ಹೆಗ್ಗಣಕ್ಕೆ ಮೊಂಡು ಮೂತಿ, ದಪ್ಪ ಮೈ, ಮೈಗಿಂತ ಗಿಡ್ಡ ಬಾಲ. ಇದು ಹತ್ತುವುದಕ್ಕಿಂತ ತೋಡುವುದೇ ಹೆಚ್ಚು. ಗೋಡೆಯ ಬುಡದಲ್ಲೋ ಬದುವಿನಲ್ಲೋ ಹೊಸ ಮಣ್ಣಿನ ಗುಪ್ಪೆ ಕಂಡರೆ ಹೆಗ್ಗಣವೇ.

ಇನ್ನು ಸುಂಡಿಲಿ. ಮೂಗಿಲಿ ಅಂತಲೂ ಅನ್ನುತ್ತಾರೆ. ಉದ್ದ ಚೂಪು ಮೂತಿ, ಕಂಡೂ ಕಾಣದ ಕಣ್ಣು, ಚಿಕ್ ಚಿಕ್ ಸದ್ದು, ಹೋದಲ್ಲೆಲ್ಲ ಒಂದು ಘಾಟು ವಾಸನೆ. ಇದು ಇಲಿಯ ಜಾತಿಯೇ ಅಲ್ಲ. ಇಲಿಗಿರುವಂಥ ಬೆಳೆಯುವ ಬಾಚಿಹಲ್ಲು ಇದಕ್ಕಿಲ್ಲ. ಜಿರಳೆ, ಹುಳ, ಕೀಟ ಹಿಡಿದು ತಿನ್ನುತ್ತದೆ. ವಾಸನೆ ತಡೆದುಕೊಳ್ಳುವುದಾದರೆ ಸುಮ್ನೆ ಬಿಟ್ಟುಬಿಡಿ. ಅಡುಗೆಮನೆಗೆ ಬಂದರೆ ಜಿರಳೆ ಇದೆ ಅಂತ ಅರ್ಥ. ಮೊದಲು ಅದನ್ನು ನೋಡಿಕೊಳ್ಳಿ.

ಹೊಲದ ಸಣ್ಣ ಇಲಿಯೇ ಮನೆಗೆ ಬರುತ್ತದಾ?

ಸಾಮಾನ್ಯವಾಗಿ ಇಲ್ಲ. ಹೊಲದಲ್ಲಿ ಕಾಣುವ ಪುಟ್ಟ ಇಲಿ ಬೇರೆ ಜಾತಿ. ಮನೆಯ ಚಿಟ್ಟಿಲಿಗಿಂತಲೂ ಸಣ್ಣದು, ಹೊಟ್ಟೆ ಬೆಳ್ಳಗೆ. ಬದುಗಳಲ್ಲಿ ಸಣ್ಣ ಬಿಲ ತೋಡಿಕೊಂಡು ಕಾಳು, ಹುಲ್ಲಿನ ಬೀಜ, ಹುಳ ತಿಂದು ಬದುಕುತ್ತದೆ. ಬೇಸಿಗೆಯಲ್ಲಿ ಎರೆ ಭೂಮಿ ಬಾಯಿ ಬಿಟ್ಟಾಗ ಆ ಬಿರುಕುಗಳೇ ಇಲಿಗಳಿಗೆ ಅಡಗುವ ಜಾಗ. ಹೊಲದಲ್ಲಿ ಇನ್ನೂ ಎರಡು ಮೂರು ಜಾತಿ ಸಿಗುತ್ತವೆ. ಒಂದಕ್ಕೆ ಮೆತ್ತನೆಯ ತುಪ್ಪಳ. ಇನ್ನೊಂದಕ್ಕೆ ದೊಡ್ಡ ಕಣ್ಣು, ಬಾಲದ ತುದಿಯಲ್ಲಿ ಕುಚ್ಚು. ಇದು ಕುಪ್ಪಳಿಸಿ ಓಡುತ್ತದೆ, ರಾತ್ರಿ ಬೈಕಿನ ಬೆಳಕಿಗೆ ಹೊಲದ ದಾರಿಯಲ್ಲಿ ಸಿಕ್ಕಾಗ ನೋಡಲು ಚಂದ.

ಕೆಂಪು ಗರಸು ಮಸಾರಿ ನೆಲಕ್ಕೆ ಹೊಂದಿಕೊಂಡ ಇನ್ನೊಂದಿದೆ. ಇದರ ಮೈಗೂದಲು ಮುಳ್ಳಿನಂತೆ ಒರಟು. ಧಾರವಾಡ ಸೀಮೆಯ ಪ್ರಾಣಿಗಳ ಬಗ್ಗೆ 1839ರಲ್ಲಿ ಬರೆದ ವಾಲ್ಟರ್ ಎಲಿಯಟ್ ಈ ಇಲಿಯ ಬಿಲವನ್ನು ಗುರುತಿಸುವ ಉಪಾಯ ಹೇಳಿದ್ದಾರೆ. ಒಳಗೆ ಇಲಿ ಇದ್ದಾಗ ಬಿಲದ ಬಾಯಿ ಸಣ್ಣ ಹರಳುಗಳಿಂದ ಮುಚ್ಚಿರುತ್ತದೆ, ಹೊರಗೂ ಹರಳು ಗುಡ್ಡೆಯಾಗಿರುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆಯ ಮಸಾರಿ ಹೊಲದವರು ಬದುವಿನ ಇಳಿಜಾರನ್ನು ಒಮ್ಮೆ ಕಣ್ಣಿಟ್ಟು ನೋಡಬಹುದು. ಬೆಳೆಗೆ ದೊಡ್ಡ ನಷ್ಟ ಮಾಡುವ ಪ್ರಾಣಿ ಅಲ್ಲ ಇದು.

ಸುಗ್ಗಿ ಮುಗಿದ ಮೇಲೆ ಹೊಲದಿಂದ ಊರಿಗೆ ಬಂದು ಕಾಡುವುದು ಹೆಚ್ಚಾಗಿ ಹೆಗ್ಗಣ. ಗದ್ದೆ ಖಾಲಿಯಾದಾಗ ಅದು ಬಣವಿ, ಕಣ, ದನದ ದೊಡ್ಡಿ, ರೈಸ್ ಮಿಲ್ಲಿನ ಹಿತ್ತಲು ಹುಡುಕುತ್ತದೆ.

ಇಲಿಗೆ ನಿಜವಾಗಿ ಏನು ಇಷ್ಟ? ಚೀಸ್ ಇಡಬೇಕಾ?

ಚೀಸ್ ಕಾರ್ಟೂನಿನ ಮಾತು. ಚಿಟ್ಟಿಲಿಗೆ ಕಾಳು, ಬೀಜ, ಸಿಹಿ, ಜಿಡ್ಡು ಇಷ್ಟ. ನಮ್ಮ ಕಡೆ ಬೋನಿಗೆ ಮಿರ್ಚಿ ಬಜ್ಜಿಯ ತುಂಡು ಕಟ್ಟುವುದು ರೂಢಿ. ಅದು ಕೆಲಸ ಮಾಡುವುದು ಎಣ್ಣೆಯ ವಾಸನೆಗೆ, ಮೆಣಸಿನಕಾಯಿಗಲ್ಲ. ಸುಟ್ಟ ಕೊಬ್ಬರಿ ಇಲ್ಲವೇ ಬೆಲ್ಲ ಹಚ್ಚಿದ ಶೇಂಗಾ ಅದಕ್ಕಿಂತ ಒಳ್ಳೆಯದು. ಜೋಳದ ರೊಟ್ಟಿಯ ಚೂರಿಗೆ ಶೇಂಗಾ ಎಣ್ಣೆ ಸವರಿದರೂ ಸಾಕು.

ಒಂದು ಚಿಟ್ಟಿಲಿ ದಿನಕ್ಕೆ ತಿನ್ನುವುದು ಬರೀ 3–4 ಗ್ರಾಂ. ಆದರೆ ಒಂದೇ ಕಡೆ ಕೂತು ತಿನ್ನುವುದಿಲ್ಲ. ರಾತ್ರಿಯಲ್ಲಿ ಇಪ್ಪತ್ತು ಮೂವತ್ತು ಕಡೆ ಬಾಯಿ ಹಾಕುತ್ತದೆ, ಪ್ರತಿ ಕಡೆ ಹಿಕ್ಕೆ, ಉಚ್ಚೆ ಬಿಡುತ್ತದೆ. ದಿನಕ್ಕೆ ಐವತ್ತಕ್ಕೂ ಮೇಲೆ ಹಿಕ್ಕೆ. ಅಕ್ಕಿ ಚೀಲದ ವಿಷಯದಲ್ಲಿ ತಿಂದ ಲೆಕ್ಕಕ್ಕಿಂತ ಕೆಡಿಸಿದ ಲೆಕ್ಕವೇ ದೊಡ್ಡದು.

ನೀರಿನ ವಿಷಯದಲ್ಲಿ ಚಿಟ್ಟಿಲಿ ಗಟ್ಟಿ ಜೀವ. ತಿನ್ನುವ ಕಾಳಿನ ತೇವದಲ್ಲೇ ಬಹಳ ದಿನ ತಳ್ಳುತ್ತದೆ. ನಲ್ಲಿ ಬಂದ್ ಮಾಡಿದರೆ ಹೋಗುತ್ತದೆ ಅಂತ ಕಾಯಬೇಡಿ.

ಎಲ್ಲ ಬಾಗಿಲು ಮುಚ್ಚಿದ್ದರೂ ಒಳಗೆ ಹೇಗೆ ಬರುತ್ತವೆ?

ಪೆನ್ಸಿಲ್ ತೂರುವಷ್ಟು ಜಾಗ, ಅಂದರೆ 6 ಮಿ.ಮೀ. ಸಂದು ಇದ್ದರೆ ಚಿಟ್ಟಿಲಿಗೆ ಸಾಕು. ಸಿಂಕಿನ ಪೈಪಿನ ಸುತ್ತ, ವೈರ್ ಬರುವ ತೂತು, ಬಾಗಿಲ ಕೆಳಗಿನ ಸಂದು, ಕಿಟಕಿಯ ಮುರಿದ ಜಾಳಿಗೆ ನೋಡಿ. ಬಟ್ಟೆ ತುರುಕಿದರೆ ಒಂದೇ ರಾತ್ರಿಗೆ ಕತ್ತರಿಸುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ಜುಂಗು ತುರುಕಿ ಮೇಲೆ ಸಿಮೆಂಟ್ ಬಳಿಯಿರಿ. ಬಾಚಿಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುವುದರಿಂದ ಏನನ್ನಾದರೂ ಕಡಿದು ಸವೆಸುವುದು ಅದಕ್ಕೆ ಅನಿವಾರ್ಯ. ವೈರ್, ಚಾರ್ಜರ್, ಮದುವೆಯ ರೇಷ್ಮೆ ಸೀರೆ ಎಲ್ಲ ಒಂದೇ ಅದಕ್ಕೆ.

ಕಣ್ಣು ಮಂದ. ಮೀಸೆ, ಮೂಗು, ಕಿವಿ ಚುರುಕು. ಅದಕ್ಕೇ ಬಯಲಿನಲ್ಲಿ ಅಡ್ಡ ಓಡದೆ ಗೋಡೆಗೆ ಮೈ ತಾಗಿಸಿಕೊಂಡು ಓಡುತ್ತದೆ. ಬೋನು ಇಡುವವರು ಇದನ್ನು ಮರೆಯಬಾರದು. ಕೋಣೆಯ ನಡುವೆ ಇಟ್ಟ ಬೋನಿಗೆ ಬೀಳುವುದು ತೀರಾ ಅಪರೂಪ. ಗೋಡೆಗೆ ತಾಗಿಸಿ, ಬಾಯಿ ಓಡುವ ದಾರಿಗೆ ಎದುರಾಗಿರುವಂತೆ ಇಡಿ. ಗೂಡಿನಿಂದ ಕೆಲವೇ ಮೀಟರ್ ಒಳಗೇ ಅದರ ಓಡಾಟ. ಹಿಕ್ಕೆ ಕಂಡ ಜಾಗದಲ್ಲೇ ಬೋನು ಬೇಕು.

ಒಂದೇ ಒಂದು ಕಂಡಿದೆ. ಅಷ್ಟಕ್ಕೇ ಗಾಬರಿ ಆಗಬೇಕಾ?

ಗಾಬರಿ ಬೇಡ, ಸೋಮಾರಿತನವೂ ಬೇಡ. ಗರ್ಭ 19ರಿಂದ 21 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ 5ರಿಂದ 8 ಮರಿ. ಹೆತ್ತ ದಿನವೇ ತಾಯಿ ಮತ್ತೆ ಗಬ್ಬ ಆಗಬಹುದು. ಮರಿಗಳು ಮೂರು ವಾರಕ್ಕೆ ಹಾಲು ಬಿಡುತ್ತವೆ, ಆರರಿಂದ ಎಂಟು ವಾರಕ್ಕೆ ತಾವೇ ಮರಿ ಹಾಕುವ ವಯಸ್ಸಿಗೆ ಬರುತ್ತವೆ. ದಸರಾಕ್ಕೆ ಕಂಡ ಜೋಡಿಯನ್ನು ಸಂಕ್ರಾಂತಿಯವರೆಗೆ ಬಿಟ್ಟರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಭತ್ತದ ಗದ್ದೆಯಲ್ಲಿ ಹೆಗ್ಗಣ ಜಾಸ್ತಿಯಾಗಿದೆ, ಏನು ಮಾಡಬೇಕು?

ಹೆಗ್ಗಣ ಭತ್ತದ ತೆಂಡೆಯನ್ನು ಬುಡದ ಹತ್ತಿರ ಓರೆಯಾಗಿ ಕತ್ತರಿಸುತ್ತದೆ. ತೆನೆ ಬಲಿತ ಮೇಲೆ ತೆನೆಗಳನ್ನೇ ಬಿಲಕ್ಕೆ ಎಳೆದೊಯ್ದು ಕೂಡಿಡುತ್ತದೆ. ಮನೆಯ ಚಿಟ್ಟಿಲಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಬಿಲ ಅಗೆದರೆ ಒಳಗಿನ ಕೋಣೆಯಲ್ಲಿ ತೆನೆ ರಾಶಿ ಸಿಗುತ್ತದೆ. ಬದು ತೂತಾದರೆ ಕಾಲುವೆಯಿಂದ ಸರದಿಗೆ ಬಂದ ನೀರೂ ಪಕ್ಕದ ಗದ್ದೆಗೆ ಸೋರಿ ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಈ ಎರಡನೇ ನಷ್ಟವೇ ಹೆಚ್ಚು ಉರಿಸುತ್ತದೆ.

ಬದು ಅಗಲ ಇದ್ದಷ್ಟೂ ಅದಕ್ಕೆ ಅನುಕೂಲ. ಬದು ಕಿರಿದು ಮಾಡಿ, ಕಳೆ ತೆಗೆಯಿರಿ, ಬಣವಿಯನ್ನು ಗದ್ದೆಯ ಅಂಚಿಗೇ ಒಟ್ಟಬೇಡಿ. ನಾಟಿಗೆ ಮೊದಲು, ಹೊಲದಲ್ಲಿ ತಿನ್ನಲು ಏನೂ ಇಲ್ಲದಾಗ ಕೆಲಸ ಶುರು ಮಾಡಿ. ತೆನೆ ಬಂದ ಮೇಲೆ ಕಣ್ಣೆದುರು ಭತ್ತ ಇರುವಾಗ ನಿಮ್ಮ ವಿಷದ ಉಂಡೆಯನ್ನು ಯಾರು ಮೂಸುತ್ತಾರೆ? ಮುಖ್ಯ ಅಂದರೆ ಅಕ್ಕಪಕ್ಕದ ಹೊಲದವರು ಒಂದೇ ವಾರದಲ್ಲಿ ಸೇರಿ ಮಾಡಬೇಕು. ಒಬ್ಬರೇ ಮಾಡಿದರೆ ಖಾಲಿಯಾದ ಬಿಲಕ್ಕೆ ಪಕ್ಕದವರ ಹೆಗ್ಗಣ ಬಾಡಿಗೆಗೆ ಬರುತ್ತದೆ.

ಜಿಂಕ್ ಫಾಸ್ಫೈಡ್ ಅನ್ನುವ ಇಲಿ ವಿಷ ಬಳಸುವುದಿದ್ದರೆ ಮೊದಲು ಎರಡು ಮೂರು ದಿನ ವಿಷ ಇಲ್ಲದ ಎಣ್ಣೆ ಹಚ್ಚಿದ ನುಚ್ಚು ಇಟ್ಟು ರುಚಿ ಹಿಡಿಸಬೇಕು. ಹೆಗ್ಗಣ, ಇಲಿ ಹೊಸ ವಸ್ತು ಕಂಡರೆ ಅನುಮಾನ ಪಡುತ್ತವೆ. ಚಿಟ್ಟಿಲಿ ಹಾಗಲ್ಲ, ಹೊಸದು ಕಂಡರೆ ಮೂಸಿ ನೋಡಲೇಬೇಕು ಅದಕ್ಕೆ. ಪ್ರಮಾಣ, ಕೈಗವಸು, ಹೂಳುವ ಕ್ರಮ ಎಲ್ಲವನ್ನೂ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಮಾಡಿ.

ಮನೆಯಲ್ಲಿ ಇಲಿ ಪಾಷಾಣ ಇಡಬಹುದಾ? ಅಂಟಿನ ಹಾಳೆ?

ಮನೆಯೊಳಗೆ ಪಾಷಾಣ ಬೇಡ ಅಂತಲೇ ನನ್ನ ಮಾತು. ಸತ್ತ ಇಲಿ ಜಂತಿಯ ಒಳಗೋ ಬೀರುವಿನ ಹಿಂದೋ ಕೊಳೆತರೆ ವಾರಗಟ್ಟಲೆ ಮನೆ ಸೇರಲಾಗುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಮಕ್ಕಳು, ನಾಯಿ, ಬೆಕ್ಕು. ಹಳದಿ ರಂಜಕ ಇರುವ ಪೇಸ್ಟ್ ಮನೆಗೆ ತರಲೇಬೇಡಿ. ಅದು ಲಿವರ್ ಹಾಳು ಮಾಡುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಜಿಂಕ್ ಫಾಸ್ಫೈಡಿಗೂ ಇಲ್ಲ. ಬ್ರೋಮಾಡಿಯೋಲೋನ್ ಕೇಕ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನದಲ್ಲಿ ಕೊಲ್ಲುತ್ತದೆ. ಅದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ. ಯಾವುದೇ ಆಗಲಿ, ಮಗುವೋ ನಾಯಿಯೋ ತಿಂದಿದೆ ಅನ್ನಿಸಿದರೆ ಲಕ್ಷಣ ಕಾಯದೆ ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಓಡಿ.

ಅಂಟಿನ ಹಾಳೆ ಬಹಳ ಕ್ರೂರ. ಇಲಿ ಗಂಟೆಗಟ್ಟಲೆ ಒದ್ದಾಡಿ, ಚರ್ಮ ಕಿತ್ತುಕೊಂಡು ಸಾಯುತ್ತದೆ. ಹಲ್ಲಿ, ಗುಬ್ಬಿ, ಹಾವಿನ ಮರಿಯೂ ಅಂಟುತ್ತವೆ. ಬೋನು ಸಾಕು. ಕೊಲ್ಲಲೇಬೇಕು ಅಂದರೆ ಒಂದೇ ಏಟಿಗೆ ಮುಗಿಸುವ ಕತ್ತರಿ ಬೋನು ಇದೆ.

ಬೆಕ್ಕು ಸಾಕಿದರೆ ಇಲಿ ಹೋಗುತ್ತವಾ?

ಸ್ವಲ್ಪ ಮಟ್ಟಿಗೆ. ಚಿಟ್ಟಿಲಿ, ಇಲಿ ಮರಿಗಳನ್ನು ಬೆಕ್ಕು ಚೆನ್ನಾಗಿ ಹಿಡಿಯುತ್ತದೆ. ಬೆಳೆದ ಹೆಗ್ಗಣಕ್ಕೆ ಎದುರು ನಿಲ್ಲುವ ಬೆಕ್ಕು ಕಡಿಮೆ. ಬೆಕ್ಕಿನ ವಾಸನೆಗೇ ಇಲಿ ಹೊರಬೀಳುವುದನ್ನು ಕಡಿಮೆ ಮಾಡುತ್ತದೆ. ಹಾಗಂತ ಮನೆ ಬಿಟ್ಟು ಹೋಗುತ್ತದೆ ಅಂತಲ್ಲ. ಅಕ್ಕಿ ತೆರೆದಿಟ್ಟು ಬೆಕ್ಕಿನ ಮೇಲೆ ಭಾರ ಹಾಕಿದರೆ ಅದು ಹಾಲು ಕುಡಿದು ಮಲಗುತ್ತದೆ, ಅಷ್ಟೇ.

ಒಂದು ವಿಚಿತ್ರ ಸಂಗತಿ. ಬೆಕ್ಕಿನ ಹೊಟ್ಟೆಯಲ್ಲಿ ಬೆಳೆಯುವ ಟೊಕ್ಸೊಪ್ಲಾಸ್ಮ ಅನ್ನುವ ಪರೋಪಜೀವಿ ಇಲಿಯ ಮೈ ಸೇರಿದರೆ ಆ ಇಲಿಗೆ ಬೆಕ್ಕಿನ ವಾಸನೆಯ ಭಯ ಕಡಿಮೆಯಾಗುತ್ತದೆ. ಬೆಕ್ಕು ಸುಲಭವಾಗಿ ಹಿಡಿಯುತ್ತದೆ, ಪರೋಪಜೀವಿ ಮತ್ತೆ ಬೆಕ್ಕಿನ ಹೊಟ್ಟೆ ಸೇರುತ್ತದೆ. ಇಲಿ ತಿನ್ನುವ ಬೆಕ್ಕಿನ ಮಲವನ್ನು ಗರ್ಭಿಣಿಯರು ಬರಿಗೈಯಲ್ಲಿ ಬಳಿಯಬಾರದು ಅನ್ನುವುದು ಈ ಪರೋಪಜೀವಿಯ ಕಾರಣಕ್ಕೇ.

ಕೋಳಿ, ದನ ಇರುವ ಕಡೆ ಇಲಿ ಇದ್ದರೆ ತೊಂದರೆನಾ?

ಹೌದು. ದನದ ಹಿಂಡಿ, ಕೋಳಿಯ ನುಚ್ಚು ರಾತ್ರಿಯಿಡೀ ತೆರೆದಿದ್ದರೆ ಇಲಿಗೆ ಊಟ ಹಾಕಿದಂತೆಯೇ. ಸಾಲ್ಮೊನೆಲ್ಲಾ ರೋಗಾಣು ಇಲಿ ಹಿಕ್ಕೆಯಿಂದ ಕೋಳಿ ಮೇವಿಗೆ ಸೇರುತ್ತದೆ. ಹೆಗ್ಗಣ ಕೋಳಿಮರಿ, ಮೊಟ್ಟೆಯನ್ನೂ ಬಿಡುವುದಿಲ್ಲ. ತಮಾಷೆ ಅಂದರೆ ಬೆಳೆದ ಜವಾರಿ ಕೋಳಿ ಚಿಟ್ಟಿಲಿ ಕಂಡರೆ ಅಟ್ಟಿಸಿಕೊಂಡು ಹೋಗಿ ಕುಕ್ಕಿ ನುಂಗುತ್ತದೆ. ಮೇವನ್ನು ಸಂಜೆ ಎತ್ತಿ ಮುಚ್ಚಳದ ಡ್ರಮ್ಮಿಗೆ ಹಾಕಿ.

ಹಿತ್ತಲಲ್ಲಿ ಕೇರೆ ಹಾವು, ಗೂಬೆ ಇವೆ. ಓಡಿಸಬೇಕಾ?

ಖಂಡಿತ ಬೇಡ. ಕೇರೆ ಹಾವಿಗೆ ವಿಷ ಇಲ್ಲ, ಕಾನೂನಿನ ರಕ್ಷಣೆಯೂ ಇದೆ. ಬಿಲದೊಳಗೇ ನುಗ್ಗಿ ಇಲಿ ಹಿಡಿಯುವ ಪ್ರಾಣಿ ಅದು. ನಾಗರ ಹಾವೂ ಇಲಿಗಾಗಿಯೇ ಬರುತ್ತದೆ. ಹಾವಿನ ಭಯ ಇರುವವರು ಮೊದಲು ಇಲಿ ಕಡಿಮೆ ಮಾಡಬೇಕು. ಕಣಜ ಗೂಬೆ ಒಂದು ರಾತ್ರಿಯಲ್ಲಿ ಹಲವು ಇಲಿ ಹಿಡಿದು ಮರಿಗಳಿಗೆ ತರುತ್ತದೆ. ಅಪಶಕುನ ಅಂತ ಹಾಳು ಮನೆಯ ಗೂಡು ಕೀಳುವವರು ಇನ್ನೂ ಇದ್ದಾರೆ, ಬೇಸರದ ವಿಷಯ. ಗದ್ದೆಯಲ್ಲಿ ಟಿ ಆಕಾರದ ಅಡ್ಡಗೋಲು ನೆಟ್ಟರೆ ಗೂಬೆಗಳು ಅದರ ಮೇಲೆ ಕೂತು ಬೇಟೆಯಾಡುತ್ತವೆ. ಆದರೆ ವಿಷ ತಿಂದ ಇಲಿಯನ್ನು ತಿಂದು ಗೂಬೆ, ಮುಂಗುಸಿ, ನರಿಯೂ ಸಾಯಬಹುದು. ಒಂದೇ ಹೊಲದಲ್ಲಿ ಎರಡೂ ಉಪಾಯ ಒಟ್ಟಿಗೆ ಮಾಡಬೇಡಿ.

ಮಗಳು ಬಿಳಿ ಇಲಿ ಬೇಕು ಅಂತ ಹಟ ಮಾಡುತ್ತಿದ್ದಾಳೆ. ಸಾಕಬಹುದಾ?

ಸಾಕಬಹುದು. ಅದು ಚಿಟ್ಟಿಲಿಯದೇ ಜಾತಿ, ತಲೆತಲಾಂತರದಿಂದ ಮನುಷ್ಯರ ಕೈಯಲ್ಲಿ ಬೆಳೆದದ್ದು. ಒಂದೂವರೆಯಿಂದ ಎರಡೂವರೆ ವರ್ಷ ಬದುಕುತ್ತದೆ. ಇಷ್ಟು ಬೇಗ ಹೋಗಿಬಿಡುತ್ತದೆ ಅನ್ನುವುದನ್ನು ಮಗಳಿಗೆ ಮೊದಲೇ ಹೇಳಿ. ಹಗಲಿಡೀ ನಿದ್ದೆ, ರಾತ್ರಿ ಚಕ್ರ ತಿರುಗಿಸುವ ಸದ್ದು. ಮಲಗುವ ಕೋಣೆಯಲ್ಲಿ ಪಂಜರ ಬೇಡ.

ಹೆಣ್ಣು ಇಲಿಗಳು ಗುಂಪಿನ ಪ್ರಾಣಿ. ಎರಡು ಮೂರು ಒಟ್ಟಿಗೆ ಇಡಿ, ಒಂದಕ್ಕೊಂದು ಮರಿ ಸಾಕಲೂ ನೆರವಾಗುತ್ತವೆ. ಬೆಳೆದ ಗಂಡುಗಳು ಒಂದೇ ಪಂಜರದಲ್ಲಿ ರಕ್ತ ಬರುವ ಹಾಗೆ ಕಚ್ಚಾಡುತ್ತವೆ, ಅವುಗಳ ಉಚ್ಚೆಯ ವಾಸನೆಯೂ ಜೋರು. ಅಂಗಡಿಯವರು "ಎರಡೂ ಹೆಣ್ಣು" ಅಂದಿದ್ದನ್ನು ನಂಬಿ ತಂದವರ ಮನೆಯಲ್ಲಿ ಮೂರು ವಾರಕ್ಕೆ ಎಂಟು ಹತ್ತು ಆಗಿರುತ್ತವೆ. ನೀವೇ ನೋಡಿ ತನ್ನಿ. ಗಂಡಿಗೆ ಎರಡು ದ್ವಾರಗಳ ನಡುವಿನ ಅಂತರ ಜಾಸ್ತಿ, ಹೆಣ್ಣಿಗೆ ಮೊಲೆತೊಟ್ಟಿನ ಸಾಲು ಕಾಣುತ್ತದೆ. ಮರಿ ಹಾಕಿದ್ದರೆ ಗೂಡು ಕೆದಕಬೇಡಿ. ಗಾಬರಿಯಾದ ತಾಯಿ ಮರಿಗಳನ್ನೇ ತಿನ್ನಬಹುದು. ಗಂಡು ಮರಿಗಳನ್ನು ನಾಲ್ಕೈದು ವಾರದೊಳಗೆ ಬೇರೆ ಮಾಡಿ.

ನಮ್ಮ ಕಡೆಯ ದೊಡ್ಡ ತೊಂದರೆ ಬಿಸಿಲು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಇಲಿಗೆ 20ರಿಂದ 26 ಡಿಗ್ರಿ ಹಿತ. ಅದು ನಮ್ಮ ಹಾಗೆ ಬೆವರುವುದಿಲ್ಲ, ಎಂಜಲನ್ನು ಮೈಗೆ ಸವರಿಕೊಂಡು ತಂಪು ಮಾಡಿಕೊಳ್ಳಲು ನೋಡುತ್ತದೆ. ಮೈಯೆಲ್ಲ ಒದ್ದೆಯಾಗಿ ಚಾಚಿ ಮಲಗಿದ್ದರೆ ಅಪಾಯ. ಮಾಳಿಗೆ, ಪತ್ರಾಸ್ ಕೋಣೆ ಬಿಟ್ಟು ನೆಲಮಹಡಿಯ ತಂಪು ಮೂಲೆಯಲ್ಲಿಡಿ. ಗಾಜಿನ ತೊಟ್ಟಿಗಿಂತ ಗಾಳಿಯಾಡುವ ತಂತಿ ಪಂಜರ ಒಳ್ಳೆಯದು, ತಂತಿಯ ಸಂದು 6 ಮಿ.ಮೀ.ಗಿಂತ ಕಡಿಮೆ ಇರಲಿ. ಒಳಗೆ ಒಂದು ಮಣ್ಣಿನ ಕುಡಿಕೆ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಬಟ್ಟೆ ಸುತ್ತಿದ ನೀರಿನ ಬಾಟಲಿ ಇಟ್ಟರೆ ಅದಕ್ಕೆ ಒರಗಿ ಮಲಗುತ್ತವೆ. ಕೂಲರಿನ ಗಾಳಿ ನೇರ ಬಡಿಯಬಾರದು.

ಹಾಸಲು ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆ, ಆದರೆ ಅದರ ದೂಳು ಇಲಿಯ ಶ್ವಾಸಕೋಶಕ್ಕೆ ಕೆಟ್ಟದ್ದು. ಹರಿದ ಬಿಳಿ ಕಾಗದದ ಪಟ್ಟಿ ಸಾಕು.

ಬಿಳಿ ಇಲಿಗೆ ಏನು ತಿನ್ನಿಸಬೇಕು?

ಸಿದ್ಧ ಪೆಲೆಟ್ ಸಿಕ್ಕರೆ ಅದೇ ಮುಖ್ಯ ಊಟವಾಗಿರಲಿ. ಸಿಗದಿದ್ದರೆ ನವಣೆ, ಸಜ್ಜೆ, ಜೋಳ, ಓಟ್ಸ್ ಬೆರಕೆ ಮಾಡಿ. ಬೇಯಿಸಿದ ಹೆಸರುಕಾಳು, ವಾರಕ್ಕೆ ಒಂದೆರಡು ಸಲ ಬೆಂದ ಮೊಟ್ಟೆಯ ಚೂರು ಕೊಡಿ. ಸೌತೆ, ಗಜ್ಜರಿ ಸಣ್ಣ ತುಂಡು. ಒಂದು ಇಲಿಗೆ ದಿನಕ್ಕೆ 4–5 ಗ್ರಾಂ ಸಾಕು. ಶೇಂಗಾ, ಸೂರ್ಯಕಾಂತಿ ಬೀಜ ಕೊಟ್ಟರೆ ಬೇರೆ ಮುಟ್ಟುವುದಿಲ್ಲ, ಬೊಜ್ಜು ಬರುತ್ತದೆ. ಅವು ಕೈಗೆ ಪಳಗಿಸಲು ಮಾತ್ರ. ಚಾಕಲೇಟ್, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಉಪ್ಪು-ಖಾರದ ತಿಂಡಿ ಬೇಡ. ಸೊಪ್ಪನ್ನು ಚೆನ್ನಾಗಿ ತೊಳೆದೇ ಕೊಡಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಕೆಟ್ಟದ್ದು ತಿಂದರೆ ಹೊರಹಾಕುವ ದಾರಿ ಇಲ್ಲ. ತನ್ನದೇ ಹಿಕ್ಕೆ ತಿನ್ನುವುದು ಕಂಡರೆ ಅಸಹ್ಯ ಪಡಬೇಡಿ, ಅದರಿಂದ ಅದಕ್ಕೆ ಕೆಲವು ವಿಟಮಿನ್ ಸಿಗುತ್ತವೆ.

ಬಿಳಿ ಇಲಿಯನ್ನು ಬೇರೆ ಸಾಕುಪ್ರಾಣಿಗಳ ಜೊತೆ ಬಿಡಬಹುದಾ?

ಇಲ್ಲ, ಯಾವುದರ ಜೊತೆಗೂ. ದೊಡ್ಡ ಇಲಿಗಳು ಚಿಟ್ಟಿಲಿಯನ್ನು ಕೊಂದು ತಿನ್ನುತ್ತವೆ, ಎರಡೂ ಇಲಿ ಅಂತ ಒಂದೇ ಪಂಜರಕ್ಕೆ ಹಾಕಬೇಡಿ. ಹ್ಯಾಮ್‌ಸ್ಟರ್ ತನ್ನ ಜಾತಿಯದನ್ನೇ ಸಹಿಸುವುದಿಲ್ಲ. ಗಿನಿಪಿಗ್, ಮೊಲ ಸಾಧು ನಿಜ, ಆದರೆ ಕಾಲು ತಾಗಿದರೂ ಇಲಿಯ ಬೆನ್ನು ಮುರಿಯುತ್ತದೆ. ಲವ್ ಬರ್ಡ್ಸ್ ಇರುವ ಕಡೆ ಇಲಿ ರಾತ್ರಿ ಹಕ್ಕಿಯ ಕಾಳಿಗೆ ಹೋಗುತ್ತದೆ, ಹಕ್ಕಿ ಬೆದರಿ ಪಂಜರಕ್ಕೆ ಬಡಿದುಕೊಳ್ಳುತ್ತದೆ. ನಾಯಿ, ಬೆಕ್ಕು "ನಮ್ಮದು ಏನೂ ಮಾಡಲ್ಲ" ಅನ್ನುವವರ ಮಾತು ಕೇಳಬೇಡಿ. ಬೆಕ್ಕು ಪಂಜರದ ಮುಂದೆ ಸುಮ್ನೆ ಕೂತರೂ ಇಲಿ ಊಟ ಬಿಡುವಷ್ಟು ಹೆದರುತ್ತದೆ.

ಕಾಡಿಲಿಯ ಜೊತೆಗಂತೂ ಬೇಡವೇ ಬೇಡ. ಗಬ್ಬ ಆಗುತ್ತದೆ, ಜೊತೆಗೆ ಉಣ್ಣೆ, ಚಿಗಟ, ರೋಗ ಬರುತ್ತವೆ. ಬಣವಿ ಕಿತ್ತುವಾಗ ಗುಲಾಬಿ ಬಣ್ಣದ, ಕಣ್ಣು ಬಿಡದ ಮರಿ ಸಿಕ್ಕರೆ ಗೂಡನ್ನು ಹಾಗೇ ಪಕ್ಕಕ್ಕಿಟ್ಟು ದೂರ ಹೋಗಿ, ತಾಯಿ ಬಂದು ಎತ್ತಿಕೊಂಡು ಹೋಗಬಹುದು. ಕಣ್ಣು ಬಿಡುವುದು ಎರಡು ವಾರಕ್ಕೆ. ಅಲ್ಲಿಯವರೆಗೆ ಹಗಲು ರಾತ್ರಿ ಹಾಲು ಕುಡಿಸಿ ಉಳಿಸುವುದು ಬಹಳ ಕಷ್ಟ.

ಇಲಿ ಕಚ್ಚಿದರೆ ರೇಬಿಸ್ ಚುಚ್ಚುಮದ್ದು ಬೇಕಾ?

ಮನೆಯ ಇಲಿ, ಚಿಟ್ಟಿಲಿ ಕಚ್ಚಿದ್ದಕ್ಕೆ ರೇಬಿಸ್ ಲಸಿಕೆ ಬೇಕಾಗುವುದು ತೀರಾ ಅಪರೂಪ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ಟಿಟಿ ಬೇಕಾ ಅಂತ ಅವರೇ ಹೇಳುತ್ತಾರೆ. ಕೆಲವು ದಿನದ ಮೇಲೆ ಜ್ವರ, ಕೀಲು ನೋವು, ಗುಳ್ಳೆ ಬಂದರೆ ಇಲಿ ಕಚ್ಚಿದ್ದನ್ನು ಮರೆಯದೆ ಹೇಳಿ.

ಇಲಿ ಜ್ವರ ಬರಲು ಕಚ್ಚಬೇಕಾಗಿಲ್ಲ. ಇಲಿಯ ಉಚ್ಚೆ ಸೇರಿದ ನೀರು, ಕೆಸರಿನಲ್ಲಿ ಒಡೆದ ಹಿಮ್ಮಡಿ, ಗಾಯದ ಕಾಲು ಇಟ್ಟರೂ ಸಾಕು. ನಾಟಿ, ಕಳೆ ತೆಗೆಯುವ ಕಾಲದಲ್ಲಿ ಗದ್ದೆಗೆ ಇಳಿಯುವವರು ಗಾಯ ಮುಚ್ಚಿಕೊಳ್ಳಿ. ಮೀನಖಂಡ ಸೆಳೆತ, ಕೆಂಪು ಕಣ್ಣು, ಜ್ವರ ಒಟ್ಟಿಗೆ ಬಂದರೆ ಬರೀ ಜ್ವರದ ಗುಳಿಗೆ ನುಂಗಿ ಕೂರಬೇಡಿ.

ಬೋನಿಗೆ ಬಿದ್ದ ಇಲಿಯನ್ನು ಎಲ್ಲಿ ಬಿಡಬೇಕು?

ಎದುರಿನ ಓಣಿಯಲ್ಲಿ ಬಿಟ್ಟರೆ ರಾತ್ರಿಗೆ ವಾಪಸ್, ಇಲ್ಲವೇ ಎದುರು ಮನೆಯವರ ಜೊತೆ ಜಗಳ. ಊರಾಚೆ, ಮನೆ-ಗೋದಾಮು ಇಲ್ಲದ ಪೊದೆ ಇರುವ ಕಡೆ, ಸಂಜೆ ಬಿಡಿ. ಹೊಸ ಜಾಗದಲ್ಲಿ ಬಹಳಷ್ಟು ಇಲಿ ಹಾವಿಗೋ ಹಾಲಕ್ಕಿಗೋ ಊಟವಾಗುತ್ತವೆ, ಅದು ಬೇರೆ ಮಾತು. ಬೆಳೆ ಇರುವ ಯಾರದೋ ಹೊಲದ ಬದುವಿಗೆ ಮಾತ್ರ ಬಿಡಬೇಡಿ. ಬೋನನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಆಮೇಲೆ ಮತ್ತೆ ಇಡಿ.